ಎಲೆ ಉದುರಿದ ಮೇಲೆ

ಮಾರ್ಚ್ 8

ಮೊಗ್ಗುಗಳು ಊದಿಕೊಂಡಿವೆ, ಇನ್ನೂ ಬಿರಿದಿಲ್ಲ. ನನ್ನ ಬೋನ್ಸಾಯ್ ಮೇಪಲ್‌ನ ಕುಂಡ ಬದಲಿಸಲು ಇದೇ ವಾರ. ಎಲೆ ಬಿಚ್ಚಿಕೊಂಡ ಮೇಲೆ ಬೇರಿಗೆ ಕತ್ತರಿ ಹಾಕಿದರೆ ಆ ಎಲೆಗಳಿಗೆ ನೀರು ಸಾಗಿಸುವವರಿಲ್ಲ. ಜನವರಿಯ ಕೊರೆಯುವ ಚಳಿಯಲ್ಲಿ ಹಾಕಿದರೆ ಕತ್ತರಿಸಿದ ತುದಿಗಳು ಹೆಪ್ಪುಗಟ್ಟಿ ಕೊಳೆಯುತ್ತವೆ. ಈಚೆಗೆ ನೀರು ಹಾಕಿದರೆ ಮೇಲೇ ನಿಂತು ನಿಧಾನಕ್ಕೆ ಇಳಿಯುತ್ತಿತ್ತು. ಕುಂಡದ ತುಂಬ ಬೇರೇ ಬೇರು ಎಂದು ಅರ್ಥ.

ಮರವನ್ನು ಬಟ್ಟೆಯಲ್ಲಿ ಸುತ್ತಿ ಸೈಕಲ್ ಬುಟ್ಟಿಯಲ್ಲಿಟ್ಟುಕೊಂಡು ಜಪಾನಿನ ಓಮಿಯಾದಲ್ಲಿರುವ ಬೋನ್ಸಾಯ್ ತೋಟಗಳ ಊರು ಬೋನ್ಸಾಯ್-ಚೋಗೆ ಹೋದೆ. ನನಗೆ ಕಲಿಸುವ ಗುರು, ಸೆನ್ಸೆ, ಬೇರೆ ಯಾರದೋ ಪೈನ್ ಮರದ ಮುಂದೆ ಕೂತಿದ್ದರು. ನನಗೆ ಒಂದು ಮೇಜು, ಕೊಕ್ಕೆ, ಕತ್ತರಿ, ಎರಡು ಚಾಪ್‌ಸ್ಟಿಕ್ ತೋರಿಸಿ ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು.

ಕುಂಡದ ಒಳ ಅಂಚಿಗೆ ಚೂರಿ ಆಡಿಸಿ ಮರ ಎತ್ತಿದರೆ ಮಣ್ಣು ಕಾಣಿಸಲೇ ಇಲ್ಲ. ತೆಂಗಿನ ನಾರು ಒತ್ತಿ ಮಾಡಿದ ಕಾಲೊರಸಿನ ಹಾಗೆ ಬೇರಿನ ಚಾಪೆಯೇ ಮೇಲೆದ್ದು ಬಂತು. ಅಂಚಿನಿಂದ ಒಳಕ್ಕೆ, ಬುಡದಿಂದ ಹೊರಕ್ಕೆ ಕೊಕ್ಕೆಯಲ್ಲಿ ಬಾಚುತ್ತ ಹೋಗಬೇಕು. ನಡುನಡುವೆ ಬೇರಿಗೆ ನೀರು ಚಿಮುಕಿಸದಿದ್ದರೆ ಗಾಳಿಗೆ ಒಣಗುತ್ತದೆ. ನೇರ ಕೆಳಕ್ಕಿಳಿದ ದಪ್ಪ ಬೇರುಗಳನ್ನೆಲ್ಲ ಕತ್ತರಿಸಿದೆ. ಬುಡದ ಸುತ್ತ ಅಡ್ಡಡ್ಡ ಹರಡಿರುವ ಬೇರುಗಳನ್ನು ಒಂದೊಂದಾಗಿ ಬಿಡಿಸಿ ಕಿರಣಗಳಂತೆ ಮಲಗಿಸಿದೆ. ಜಪಾನಿಗಳು ಇದಕ್ಕೆ ನೆಬಾರಿ ಎನ್ನುತ್ತಾರೆ. ಮರ ನೆಲವನ್ನು ಹಿಡಿದು ನಿಂತಿದೆಯೋ, ಕುಂಡಕ್ಕೆ ಚುಚ್ಚಿ ನಿಲ್ಲಿಸಿದ್ದಾರೋ ಎಂದು ಮೊದಲ ನೋಟಕ್ಕೆ ಹೇಳುವುದು ಕೊಂಬೆಯಲ್ಲ, ಈ ಬುಡ.

ಮಣ್ಣು ಅಕಾದಾಮಾ. ಕಾಂತೋ ಬಯಲಿನ ಹಳೆಯ ಜ್ವಾಲಾಮುಖಿ ಬೂದಿಯಿಂದಾದ ಜೇಡಿಯ ಹರಳುಗಳು. ನೀರು ಹಿಡಿಯುತ್ತವೆ, ಹೆಚ್ಚಾದದ್ದನ್ನು ಬಿಡುತ್ತವೆ. ಜರಡಿ ಹಿಡಿದು ಪುಡಿಯನ್ನು ತೆಗೆಯದಿದ್ದರೆ ಅದೇ ಪುಡಿ ತಳದಲ್ಲಿ ಕೆಸರಾಗಿ ಕೂರುತ್ತದೆ. ಕುಂಡದ ತೂತುಗಳಿಂದ ತಂದ ತಂತಿಯಿಂದ ಮರವನ್ನು ಬಿಗಿದು, ಹರಳು ಸುರಿದು, ಬೇರಿನ ಸಂದುಗಳಿಗೆ ಚಾಪ್‌ಸ್ಟಿಕ್‌ನಲ್ಲಿ ತುಂಬಿಸಿದೆ. ಕೊನೆಗೆ ನೀರು. ಮೊದಲು ತಳದಿಂದ ಕಂದು ಬಣ್ಣದ ನೀರು ಬಂತು. ತಿಳಿಯಾಗುವವರೆಗೂ ಹಾಕಬೇಕು. ಸೆನ್ಸೆ ಆಗ ಎದ್ದು ಬಂದು ಕಾಂಡ ಹಿಡಿದು ಅಲುಗಿಸಿ ನೋಡಿದರು. ಅಲುಗಲಿಲ್ಲ. ಮಾತಾಡದೆ ಹೋದರು. ಅವರ ಮಟ್ಟಿಗೆ ಅದು ಹೊಗಳಿಕೆ.

ಮಾರ್ಚ್ 23

ಊರಿನಿಂದ ಅಪ್ಪನ ಫೋನು. ಮೂಡಿಗೆರೆ ಕಡೆ ಹೂಮಳೆ ಬಿದ್ದಿದೆ, ಕಾಫಿ ಹೂವಾಗುತ್ತದೆ ಎಂಬ ಖುಷಿ. ವಿಡಿಯೋದಲ್ಲಿ ನನ್ನ ಮರ ತೋರಿಸಿದೆ. “ಎಂಥ ಮಾರಾಯ್ತಿ, ಇಲ್ಲಿ ತೋಟ ಬಿಟ್ಟು ಹೋಗಿ ಅಲ್ಲಿ ತಟ್ಟೆಯಲ್ಲಿ ಗಿಡ ಸಾಕ್ತಿದ್ದೀಯಲ್ಲ” ಎಂದರು. ಎಷ್ಟು ಫಸಲು ಬರುತ್ತದೆ ಎಂದೂ ಕೇಳಿದರು.

ಏಪ್ರಿಲ್ 4

ಓಮಿಯಾ ಪಾರ್ಕಿನ ಚೆರ್ರಿ ಹೂವಿನ ಕೆಳಗೆ ಊರಿಗೆ ಊರೇ ಚಾಪೆ ಹಾಸಿ ಕೂತಿದೆ. ಮೇಪಲ್ ಇಟ್ಟುಕೊಂಡವರಿಗೆ ಆ ಭಾಗ್ಯವಿಲ್ಲ, ಇದೇ ವಾರ ಚಿಗುರು ಚಿವುಟುವ ಕೆಲಸ.

ಮೇಪಲ್‌ನಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಮೊಗ್ಗು ಒಡೆದು ಮೊದಲ ಜೋಡಿ ಇನ್ನೂ ಮಡಿಸಿಕೊಂಡಿರುವಾಗಲೇ ಅವುಗಳ ನಡುವೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಕುಡಿ ಕಾಣುತ್ತದೆ. ಮುಂದಿನ ಜೋಡಿ ಅದರೊಳಗಿದೆ. ಎಡಗೈ ಬೆರಳುಗಳಲ್ಲಿ ಎರಡೂ ಎಲೆಗಳನ್ನು ಮೆತ್ತಗೆ ಅಗಲಿಸಿ ಹಿಡಿದು, ಚಿಮುಟದ ತುದಿಯಿಂದ ಆ ಕುಡಿಯನ್ನಷ್ಟೇ ತೆಗೆಯಬೇಕು. ಎಲೆಗೆ ಚಿಮುಟ ತಾಗಿದರೆ ಗಾಯ ವರ್ಷವಿಡೀ ಉಳಿಯುತ್ತದೆ. ಹಾಗೇ ಬಿಟ್ಟರೆ ಕುಡಿ ಕೆಲವೇ ದಿನಗಳಲ್ಲಿ ಉದ್ದಕ್ಕೆ ಬೆಳೆದು ಗೆಣ್ಣಿನಿಂದ ಗೆಣ್ಣಿಗೆ ಒಂದು ಅಂಗುಲ ಅಂತರ ಬೀಳುತ್ತದೆ. ಒಮ್ಮೆ ಉದ್ದವಾದ ಗೆಣ್ಣನ್ನು ಮತ್ತೆ ಗಿಡ್ಡ ಮಾಡುವ ವಿದ್ಯೆ ಯಾರಿಗೂ ಗೊತ್ತಿಲ್ಲ, ಕತ್ತರಿಸಿ ತೆಗೆಯುವುದೊಂದೇ ದಾರಿ. ಚಿವುಟಿದ ಕಡೆ ಎಲೆಬುಡದ ಎರಡು ಮೊಗ್ಗುಗಳು ಆಮೇಲೆ ಎರಡು ಸಣ್ಣ ಕಡ್ಡಿಗಳಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತಾರು ವರ್ಷಗಳಲ್ಲಿ ಆ ಸೂಕ್ಷ್ಮ ಕೊಂಬೆಗಳ ಜಾಲ ಆಗುವುದು ಹೀಗೆ.

ಮರದ ತುದಿ ಮೊದಲು ಚಿಗುರುತ್ತದೆ, ಒಳಗಿನ ದುರ್ಬಲ ಕಡ್ಡಿಗಳು ತಡವಾಗಿ. ಆದ್ದರಿಂದ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಬೆಳಗ್ಗೆ ಆಫೀಸಿಗೆ ಹೊರಡುವ ಮೊದಲು ಅರ್ಧ ಗಂಟೆ, ಸಂಜೆ ಬೆಳಕಿರುವಷ್ಟು ಹೊತ್ತು. ಒಳಗಿನ ಬಡಕಲು ಕಡ್ಡಿಗಳ ಕುಡಿಯನ್ನು ಮುಟ್ಟಿಲ್ಲ. ಅವು ಬಲಿಯಬೇಕು.

ಪಕ್ಕದಲ್ಲಿಟ್ಟಿರುವ ದೆಶೋಜೋ ಎಂಬ ಮೇಪಲ್ ತಳಿ ಈಗ ಉರಿಗೆಂಪು. ದಾರಿಯಲ್ಲಿ ಹೋಗುವವರು ನಿಂತು, ಇದೇನು ವಸಂತದಲ್ಲೇ ಶರತ್ಕಾಲ ಎನ್ನುತ್ತಾರೆ. ಮೇ ಹೊತ್ತಿಗೆ ಹಸಿರಾಗುತ್ತದೆ.

ಮೇ 4

ಬೋನ್ಸಾಯ್ ಜಾತ್ರೆ. ಪ್ರತಿವರ್ಷ ಮೇ 3ರಿಂದ 5ರವರೆಗೆ ಬೋನ್ಸಾಯ್-ಚೋದ ಬೀದಿಗಳಲ್ಲೇ ಅಂಗಡಿಗಳು. ಕುಂಡ, ತಂತಿ, ಕತ್ತರಿ, ಪಾಚಿ, ಬೆರಳುದ್ದದ ಸಸಿಯಿಂದ ಹಿಡಿದು ಬೆಲೆಚೀಟಿ ಓದಿ ಹಿಂದೆ ಸರಿಯಬೇಕಾದ ಮುದಿಮರಗಳವರೆಗೆ.

1923ರ ಕಾಂತೋ ಭೂಕಂಪದಲ್ಲಿ ತೋಕಿಯೋ ನಾಶವಾದ ಮೇಲೆ, ದಾಂಗೋಜಾಕಾ ಸುತ್ತಮುತ್ತ ಇದ್ದ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು, ಗಾಳಿ, ಜಾಗ ಹುಡುಕಿಕೊಂಡು ಇಲ್ಲಿಗೆ ಬಂದು 1925ರಲ್ಲಿ ಕಟ್ಟಿದ ಊರು ಇದು. ಊರಿನವರಾಗಬೇಕಾದರೆ ಅವರೇ ಮಾಡಿಕೊಂಡ ಷರತ್ತುಗಳಿದ್ದವು. ಹತ್ತಾದರೂ ಬೋನ್ಸಾಯ್ ಇರಬೇಕು, ಬಂದವರಿಗೆ ತೋಟ ತೆರೆದಿರಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಕಾಂಪೌಂಡ್ ಗೋಡೆಯ ಬದಲು ಜೀವಂತ ಬೇಲಿ ಇರಬೇಕು. ಎರಡಂತಸ್ತು ಯಾಕೆ ಬೇಡ ಎಂಬುದಕ್ಕೆ ನನಗೆ ತೋಚುವ ಕಾರಣ ನೆರಳು. ಪಕ್ಕದ ಮನೆಯವರ ಮರಗಳಿಗೆ ಬಿಸಿಲು ತಪ್ಪಿಸುವ ಹಕ್ಕು ಯಾರಿಗೂ ಇಲ್ಲ! ಬೆಂಗಳೂರಿನಲ್ಲಿ ಈ ಷರತ್ತು ಹಾಕಿದರೆ ಏನಾದೀತು ಎಂದು ಯೋಚಿಸಿ ನಗು ಬಂತು. ಒಂದು ಕಾಲಕ್ಕೆ ಮೂವತ್ತರ ಸುಮಾರು ಇದ್ದ ತೋಟಗಳು ಈಗ ಬೆರಳೆಣಿಕೆಯಷ್ಟು. 2010ರಲ್ಲಿ ತೆರೆದ ಮ್ಯೂಸಿಯಂ ಮಾತ್ರ ಹತ್ತಿರದಲ್ಲೇ ಗಟ್ಟಿಯಾಗಿ ನಿಂತಿದೆ.

ಜನ ಮುತ್ತಿಕೊಂಡಿದ್ದು ಪೈನ್, ಜುನಿಪರ್‌ಗಳ ಮುಂದೆ. ನಾನು ಹೆಚ್ಚು ಹೊತ್ತು ನಿಂತದ್ದು ಬಂಡೆಯ ಮೇಲೆ ಕೂರಿಸಿದ ಒಂದು ಕಾಯೆದೆಯ ಮುಂದೆ. ಮೂರು ಸೀಳಿನ ಎಲೆಯ ಈ ಮೇಪಲ್ 18ನೇ ಶತಮಾನದಲ್ಲಿ ಚೀನಾದಿಂದ ಬಂದದ್ದು. ಇದರ ಬೇರುಗಳು ದಪ್ಪವಾಗುತ್ತ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಬಂಡೆಯನ್ನು ಅಪ್ಪಿ ಕೆಳಗಿಳಿಯುತ್ತವೆ. ಎಷ್ಟು ಕಡಿದರೂ ಚಿಗುರುವ ಗಟ್ಟಿಪಿಂಡ. ಐದೋ ಏಳೋ ಬೆರಳಿನ ಎಲೆಯ ಮೊಮಿಜಿ ಹಾಗಲ್ಲ. ದೊಡ್ಡ ಗಾಯ ಮಾಡಿದರೆ ಅಲ್ಲಿಂದ ಹಿಂದಕ್ಕೆ ಒಣಗುತ್ತ ಬರುತ್ತದೆ. ಕಲಿಯುವವರಿಗೆ ಕಾಯೆದೆಯೇ ಸರಿ. ಆದರೆ ಎಲ್ಲರೂ ಮೊದಲು ಕೊಳ್ಳುವುದು ಮೊಮಿಜಿಯನ್ನೇ. ನಾನೂ.

ಮೇ 18

ತಂಗಿಯ ಮಗಳ ನಾಮಕರಣಕ್ಕೆ ಹೋಗಲಿಲ್ಲ. ಮೇ ತಿಂಗಳಲ್ಲಿ ಎರಡು ವಾರ ಮರಗಳನ್ನು ಯಾರ ಕೈಗೆ ಕೊಟ್ಟು ಹೋಗಲಿ? ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ. ರಜೆ ಸಿಗಲಿಲ್ಲ ಎಂದೆ.

ಜೂನ್ 1

ಎಲೆ ಕತ್ತರಿಸುವ ಕಾಲ. ಏಪ್ರಿಲ್‌ನಲ್ಲಿ ಬಂದ ಎಲೆಗಳು ಬಲಿತು ಗಡುಸಾಗಿವೆ. ಈಗ ಅವನ್ನೆಲ್ಲ ತೆಗೆದರೆ ಮರ ಮತ್ತೊಮ್ಮೆ ಚಿಗುರುತ್ತದೆ. ಎರಡನೆಯ ಎಲೆ ಚಿಕ್ಕದು, ಶರತ್ಕಾಲಕ್ಕೆ ಹೊಸದಾಗಿಯೇ ಇರುತ್ತದೆ, ಒಳಗಿನ ಕಡ್ಡಿಗಳಿಗೂ ಬೆಳಕು ಬೀಳುತ್ತದೆ. ಆದರೆ ಇದು ಪುಷ್ಟಿಯಾದ ಮರಕ್ಕೆ ಮಾತ್ರ. ಈ ವರ್ಷ ಬೇರು ಕತ್ತರಿಸಿದ ಮರಕ್ಕೆ ಇದೇ ವರ್ಷ ಎಲೆಯನ್ನೂ ಕಿತ್ತರೆ ಎರಡೂ ಕಡೆಯಿಂದ ಹೊಡೆದಂತೆ.

ಹಾಗಾಗಿ ಈ ವರ್ಷ ಬೇರು ಮುಟ್ಟದ ನನ್ನ ಕಾಯೆದೆಯನ್ನು ಮಾತ್ರ ಪೂರ್ತಿ ಬೋಳು ಮಾಡಿದೆ. ಎಲೆಯನ್ನು ಎಳೆದು ಕೀಳಬಾರದು, ತೊಟ್ಟಿನ ನಡುವೆ ಕತ್ತರಿಸಬೇಕು. ಉಳಿದ ತೊಟ್ಟು ಅದರ ಬುಡದ ಮೊಗ್ಗನ್ನು ಕಾಯುತ್ತದೆ, ಕೆಲವು ದಿನಗಳಲ್ಲಿ ಹಳದಿಯಾಗಿ ತಾನೇ ಉದುರುತ್ತದೆ. ಮಾರ್ಚ್ ತಿಂಗಳಲ್ಲಿ ಬೇರು ಕತ್ತರಿಸಿದ ಮೊಮಿಜಿಗೆ ಹಾಗೆ ಮಾಡದೆ ಮೇಲ್ಭಾಗದಲ್ಲಿ ಜೋಡಿಗೊಂದರಂತೆ ಎಲೆ ತೆಗೆದೆ. ದೊಡ್ಡ ಎಲೆಗಳನ್ನು ಉದ್ದಕ್ಕೆ ಮಡಿಸಿ ಅರ್ಧಕ್ಕೆ ಕತ್ತರಿಸಿದೆ. ನೋಡಲು ಚೆಂದವಿಲ್ಲ, ಆದರೆ ಬೆಳಕು ಈಗ ಬುಡದವರೆಗೆ ಬೀಳುತ್ತಿದೆ.

ಅಪ್ಪನಿಗೆ ಇದು ಮಾತ್ರ ಕೂಡಲೇ ಅರ್ಥವಾಯಿತು. “ಮರಗಸಿ ಅನ್ನು. ಕೆಳಗಿನ ಗಿಡಕ್ಕೆ ಬೆಳಕು ಬಿಡೋಕೆ ನಾವೂ ಅದನ್ನೇ ಮಾಡೋದು.” ಕಾಫಿಗಿಡದ ಕಂಬಚಿಗುರು ತೆಗೆಯುವುದನ್ನು ಬಾಲ್ಯದಿಂದ ನೋಡಿದವಳಿಗೆ ಬೇಡದ ಚಿಗುರನ್ನು ಗುರುತಿಸುವ ಕಣ್ಣು ಇಲ್ಲಿ ಹೊಸದಾಗಿ ಕಲಿಯಬೇಕಾಗಿರಲಿಲ್ಲ.

ಜೂನ್ 21

ಮಳೆ ಹಿಡಿದಿದೆ. ಇಲ್ಲಿನ ಮಳೆಗಾಲ, ತ್ಸುಯು. ಮಲೆನಾಡಿನ ಮಳೆಯ ಮುಂದೆ ಇದು ಜಿಟಿಜಿಟಿ ಅಷ್ಟೇ. ಗೊಬ್ಬರದ ಹಿಂಡಿ ಉಂಡೆಗಳನ್ನು ಕುಂಡಗಳ ಮೇಲಿಂದ ತೆಗೆದಿಟ್ಟೆ, ಈ ಒದ್ದೆಯಲ್ಲಿ ಹುಳ ಬೀಳುತ್ತದೆ. ಇಲ್ಲಿ ಬಳಸುವುದು ಸಾಸಿವೆ ಜಾತಿಯ ಎಣ್ಣೆಬೀಜದ ಹಿಂಡಿ, ನಮ್ಮಲ್ಲಿ ಹೊಂಗೆ, ಬೇವು. ವಾಸನೆಯಲ್ಲಿ ತೀರಾ ವ್ಯತ್ಯಾಸವಿಲ್ಲ.

ಬೆಳಗ್ಗೆ ಕಾಯೆದೆಯ ಕಾಂಡದ ಮೇಲೆ ಒಂದು ದುಂಬಿ. ಕರಿ ಮೈ, ಬಿಳಿ ಚುಕ್ಕೆ, ಮೈಗಿಂತ ಉದ್ದದ ಪಟ್ಟೆಪಟ್ಟೆ ಮೀಸೆ. ನೋಡಿದ ತಕ್ಷಣ ಎದೆ ಧಸಕ್ಕೆಂದಿತು. ನಮ್ಮ ತೋಟಗಳಲ್ಲಿ ಅರೇಬಿಕಾ ಕಾಫಿಯನ್ನು ತಿಂದುಹಾಕುವ ಬಿಳಿ ಕಾಂಡಕೊರಕದ ಬಳಗದ್ದೇ ಇದೂ. ಇಲ್ಲಿ ಅದರ ಹೆಸರು ಕಾಮಿಕಿರಿ. ತೊಗಟೆ ಕಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಬುಡದಲ್ಲಿ ಮರದ ಹೊಟ್ಟು ಬಿದ್ದಿರುವುದು ಕಂಡಾಗಲೇ ನಮಗೆ ಗೊತ್ತಾಗುವುದು. ದುಂಬಿಯನ್ನು ಹಿಡಿದು ಹೊಸಕಿ, ಭೂತಗನ್ನಡಿ ಹಿಡಿದು ಕಾಂಡದ ಸುತ್ತ ಇಂಚಿಂಚೂ ನೋಡಿದೆ. ಕಚ್ಚಿದ ಗುರುತಿಲ್ಲ.

ಅಪ್ಪನಿಗೆ ಹೇಳಿದರೆ ಅವರ ಉತ್ತರ ಸಿದ್ಧವಿತ್ತು. “ಬೋರರ್ ಹೊಕ್ಕಿದ್ರೆ ಗಿಡ ಕಿತ್ತು ಸುಟ್ಟುಬಿಡು ಮಗಾ. ಒಂದು ಗಿಡದ ಆಸೆಗೆ ತೋಟ ಕಳ್ಕೋಬೇಡ.” ನನ್ನ ತೋಟವೆಂದರೆ ಜಗಲಿಯ ಮೇಲಿನ ಒಂದು ಬೆಂಚು. ಸುಡುವ ಮಾತೇ ಇಲ್ಲ. ತೂತು ಕಂಡರೆ ತಂತಿ ತೂರಿಸಿ ಹುಳ ಕೊಂದು ಔಷಧಿ ಬಿಡುತ್ತಾರೆ. ಅಪ್ಪನಿಗೆ ಸಮಾಧಾನವಾಗಲಿಲ್ಲ.

ಜುಲೈ 23

ಓಮಿಯಾ ಇರುವ ಸೈತಾಮಾ ಪ್ರಾಂತ್ಯದವರು ಮರೆಯದ ತಾರೀಕು. 2018ರಲ್ಲಿ ಇದೇ ದಿನ ಇದೇ ಪ್ರಾಂತ್ಯದ ಕುಮಗಾಯಾದಲ್ಲಿ 41.1 ಡಿಗ್ರಿ. ಇವತ್ತೂ ಕಡಿಮೆಯೇನಲ್ಲ.

ಬೆಟ್ಟದ ತಂಪಿನಲ್ಲಿ, ದೊಡ್ಡ ಮರಗಳ ಅಂಚಿನಲ್ಲಿ ಬೆಳೆಯುವ ಜಾತಿಯನ್ನು ನಾಲ್ಕು ಬೆರಳು ಆಳದ ಕುಂಡದಲ್ಲಿಟ್ಟು ಕಾಂಕ್ರೀಟ್ ಊರಿನ ಬಿಸಿಲಿಗೆ ಒಡ್ಡಿದ್ದೇವೆ. ಬೇರು ಬೇಯುತ್ತದೆ, ಎಲೆಯಂಚು ಕರಿಯುತ್ತದೆ. ಮಧ್ಯಾಹ್ನದ ಮೇಲೆ ಶೇಡ್ ನೆಟ್, ಬೆಳಗ್ಗೆ ತಳದಿಂದ ಹರಿಯುವಷ್ಟು ನೀರು, ಸಂಜೆ ಇನ್ನೊಮ್ಮೆ, ಸುಡುಗಾಳಿಯ ದಿನ ನಡುವೆಯೂ ಒಮ್ಮೆ. ಮನೆಯಿಂದಲೇ ಕೆಲಸ ಮಾಡುವ ದಿನಗಳನ್ನು ಹವಾಮಾನ ವರದಿ ನೋಡಿ ಆರಿಸಿಕೊಳ್ಳುತ್ತೇನೆ. ಮ್ಯಾನೇಜರ್‌ಗೆ ಇದು ಗೊತ್ತಿಲ್ಲ.

ನವೆಂಬರಿನ ಬಣ್ಣ ತೀರ್ಮಾನವಾಗುವುದು ಈಗ. ಜುಲೈನಲ್ಲಿ ಅಂಚು ಸುಟ್ಟ ಎಲೆ ಆಮೇಲೆ ಎಷ್ಟೇ ಚಳಿ ಬಿದ್ದರೂ ಕೆಂಪಾಗುವುದಿಲ್ಲ, ಕಂದಾಗಿ ಸುರುಟಿಕೊಳ್ಳುತ್ತದೆ. ಬಣ್ಣ ಬರಲಿಲ್ಲ ಎಂದು ಚಳಿಯನ್ನು ಬೈಯುವವರು ಬೇಸಿಗೆಯಲ್ಲಿ ಎಲ್ಲಿದ್ದರು ಎಂದು ಕೇಳಬೇಕು.

ಸೆಪ್ಟೆಂಬರ್ 14

ಚಂಡಮಾರುತದ ಮುನ್ನೆಚ್ಚರಿಕೆ. ಕುಂಡಗಳನ್ನೆಲ್ಲ ಬೆಂಚಿನಿಂದ ನೆಲಕ್ಕಿಳಿಸಿ ಗೋಡೆಗೆ ಒತ್ತಿಟ್ಟೆ. ಹಿಂಡಿ ಮತ್ತೆ ಶುರು. ಚಳಿಗಾಲಕ್ಕೆ ಮರ ಕೂಡಿಟ್ಟುಕೊಳ್ಳುವುದು ಈ ಎರಡು ತಿಂಗಳಲ್ಲಿ.

ಅಕ್ಟೋಬರ್ 12

ಬೆಂಗಳೂರಿನಿಂದ ಚಿಕ್ಕಮ್ಮನ ಮೆಸೇಜು. ನನ್ನ ಫೋಟೋ ನೋಡಿ, ಬರುವಾಗ ಒಂದು ಸಣ್ಣ ಮೇಪಲ್ ತಾ ಎಂದಿದ್ದಾರೆ. ಸೂಟ್‌ಕೇಸಿನಲ್ಲಿ ಗಿಡ ತರುವ ಹಾಗಿಲ್ಲ ಚಿಕ್ಕಮ್ಮಾ, ಆಮದು ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ, ಕ್ವಾರಂಟೈನ್ ಎಲ್ಲ ಬೇಕು ಎಂದು ಬರೆದೆ. ಅದೆಲ್ಲ ಸಿಕ್ಕಿದರೂ ಪ್ರಯೋಜನವಿಲ್ಲ. ಮೇಪಲ್‌ಗೆ ವಾರಗಟ್ಟಲೆ ನಿಜವಾದ ಚಳಿ ಬೇಕು. ಆ ಚಳಿಯನ್ನು ಉಂಡಮೇಲೆಯೇ ಮೊಗ್ಗು ಸರಿಯಾಗಿ ಎಚ್ಚರಗೊಳ್ಳುವುದು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ನಿದ್ದೆಯಿಲ್ಲದೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಫ್ರಿಜ್ಜಿನಲ್ಲಿಟ್ಟು ಮಲಗಿಸುತ್ತೇವೆ ಎನ್ನುವವರೂ ಇದ್ದಾರೆ. ಅದು ಹಟ.

ಆಲ, ಬಸರಿ, ಹುಣಸೆ, ಬೋಗನ್‌ವಿಲ್ಲಾ ಎಲ್ಲ ಬೆಂಗಳೂರಿನಲ್ಲಿ ಕುಂಡದಲ್ಲಿ ಸೊಗಸಾಗಿ ಬರುತ್ತವೆ. ಲಾಲ್‌ಬಾಗ್‌ನಲ್ಲಿ ಬೋನ್ಸಾಯ್‌ಗೆಂದೇ ಜಾಗವಿದೆ, ಹೋಗಿ ನೋಡಿ ಎಂದೆ. ಆಲದ ಬಿಳಲು ಇಳಿಸುವ ಚೆಂದ ನನ್ನ ಮೇಪಲ್‌ಗೆ ಏಳು ಜನ್ಮಕ್ಕೂ ಬರುವುದಿಲ್ಲ. ಚಿಕ್ಕಮ್ಮನಿಂದ ಒಂದು ಹೆಬ್ಬೆರಳು ಮಾತ್ರ ಬಂತು.

ನವೆಂಬರ್ 27

ಬಣ್ಣ ಬಂದಿದೆ. ರಾತ್ರಿ ಎಂಟು ಡಿಗ್ರಿಗಿಂತ ಕೆಳಗೆ, ಹಗಲು ತಿಳಿಬಿಸಿಲು, ಬೇರಿಗೆ ತೇವ. ಮೂರೂ ಕೂಡಿದರೆ ಹಸಿರು ಒಡೆದುಹೋಗಿ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಕೆಂಪು ಕಟ್ಟುತ್ತದೆ. ತೊಟ್ಟಿನ ಬುಡದಲ್ಲಿ ಮರ ಈಗಾಗಲೇ ಬಾಗಿಲು ಮುಚ್ಚುತ್ತಿದೆ. ಮೊಮಿಜಿಯ ತುದಿ ಕೆಂಪು, ನಡು ಕಿತ್ತಳೆ, ಒಳಗೆ ಇನ್ನೂ ಹಸಿರು ಹಳದಿ. ಕಾಯೆದೆ ಒಂದೇ ಸಮ ಹೊನ್ನು.

ಆಫೀಸಿನವರು ಬಂದಿದ್ದರು. ಒಬ್ಬೊಬ್ಬರೂ ಇಪ್ಪತ್ತು ಫೋಟೋ ತೆಗೆದರು, ಮರದ ಬುಡ ಯಾರ ಫೋಟೋದಲ್ಲೂ ಇಲ್ಲ.

ಡಿಸೆಂಬರ್ 13

ಎಲೆಗಳೆಲ್ಲ ಉದುರಿದವು. ವರ್ಷದಲ್ಲಿ ಮೊದಲ ಸಲ ಮರ ಕಾಣಿಸುತ್ತಿದೆ.

ಸವರುವ ಕೆಲಸ ಈಗಲೇ ಮುಗಿಸಬೇಕು. ಫೆಬ್ರವರಿಯ ಕೊನೆಗೆ ಬೇರು ಎಚ್ಚೆತ್ತು ರಸ ಏರಿಸಲು ಶುರುಮಾಡಿದ ಮೇಲೆ ಕೊಂಬೆ ಕತ್ತರಿಸಿದರೆ ಗಾಯದಿಂದ ತೊಟತೊಟ ಸೋರುತ್ತದೆ. ಮೂರು ಕವಲು ಒಡೆದ ಕಡೆ ಎರಡನ್ನು ಉಳಿಸಿದೆ, ಮೂರು ಬಿಟ್ಟರೆ ಆ ಜಾಗ ಗಂಟಾಗಿ ಊದುತ್ತದೆ. ನೇರ ಮೇಲಕ್ಕೆ, ನೇರ ಕೆಳಕ್ಕೆ ಹೋದವನ್ನು ತೆಗೆದೆ. ದೊಡ್ಡ ಗಾಯಗಳಿಗೆ ಮುಲಾಮು. ಕೆಲವೇ ಕಡೆ ಅಲ್ಯೂಮಿನಿಯಂ ತಂತಿ, ಅದೂ ಸಡಿಲವಾಗಿ. ಮೇಪಲ್‌ನ ತೊಗಟೆ ತೆಳು. ಚಿಗುರುವ ಕಾಲಕ್ಕೆ ಕೊಂಬೆ ಉಬ್ಬಿ ವಾರದೊಳಗೆ ತಂತಿ ಕಚ್ಚಿತೆಂದರೆ ಆ ಸುರುಳಿ ಗುರುತು ಎಷ್ಟೋ ವರ್ಷ ಉಳಿಯುತ್ತದೆ. ಬಗ್ಗಿಸುವುದಕ್ಕಿಂತ ಬೇಕಾದ ದಿಕ್ಕಿನ ಮೊಗ್ಗಿನ ಮೇಲೆ ಕತ್ತರಿಸಿ ಕಾಯುವುದು ಮೇಪಲ್‌ಗೆ ಒಳ್ಳೆಯದು.

ಇವತ್ತಿನ ದೊಡ್ಡ ಕೆಲಸ ಬೇರೆಯೇ. ಮೊಮಿಜಿಯ ಬಲಗಡೆ ಕೆಳಗೆ ಕೊಂಬೆ ಇಲ್ಲದ ಬೋಳು ಜಾಗವಿತ್ತು. ಹಿಂದಿನ ವರ್ಷದ ಮಾರ್ಚ್‌ನಲ್ಲಿ ಸೆನ್ಸೆ ಕಾಂಡಕ್ಕೆ ಸಣ್ಣ ಡ್ರಿಲ್‌ನಲ್ಲಿ ಆಚೆಯಿಂದೀಚೆ ತೂತು ಕೊರೆದು, ಅದೇ ಮರದ ಉದ್ದನೆಯ ಕಡ್ಡಿಯೊಂದನ್ನು ಬಗ್ಗಿಸಿ ಸೂಜಿಗೆ ದಾರ ಪೋಣಿಸಿದಂತೆ ಅದರೊಳಗೆ ತೂರಿಸಿದ್ದರು. ಹೊರಬಂದ ತುದಿ ಚಿಗುರಿತು, ದಪ್ಪವಾಯಿತು, ತೂತನ್ನು ತುಂಬಿ ಕಾಂಡದೊಂದಿಗೆ ಒತ್ತಿಕೊಂಡಿತು. ಬೆಸುಗೆ ಕೂಡಿತೋ ಇಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ. ಕಡ್ಡಿ ಹೊಕ್ಕ ಕಡೆಗಿಂತ ಹೊರಬಂದ ಕಡೆ ದಪ್ಪವಾಗಿರಬೇಕು. ಆಗ ಹೊರಗಿನ ಭಾಗ ಕಾಂಡದಿಂದಲೇ ಉಣ್ಣುತ್ತಿದೆ ಎಂದು ಅರ್ಥ. ಕ್ಯಾಲಿಪರ್ ಬೇಕಾಗಲಿಲ್ಲ, ಹೊರಗಿನದು ಪೆನ್ಸಿಲ್ ಗಾತ್ರ, ಹೊಕ್ಕದ್ದು ಅದರ ಅರ್ಧ. ಸೆನ್ಸೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಹೊಕ್ಕ ಕಡೆ ಕಾಂಡಕ್ಕೆ ಸಮನಾಗಿ ಕತ್ತರಿಸಿ ಮುಲಾಮು ಮೆತ್ತಿದೆ. ಸೇವಾ ಶುಲ್ಕದ ಚೀಟಿಯನ್ನೂ ಅವರು ಆಗಲೇ ಬರೆದಿಟ್ಟಿದ್ದರು.

ಫೆಬ್ರವರಿ 11

ತೋಕಿಯೋದ ಉಯೆನೊದಲ್ಲಿ ಕೊಕುಫು-ತೆನ್. 1934ರಿಂದ ನಡೆದುಬಂದ ಪ್ರದರ್ಶನ, ಜಪಾನಿನ ಬೋನ್ಸಾಯ್‌ಗೆ ಇದಕ್ಕಿಂತ ದೊಡ್ಡ ವೇದಿಕೆಯಿಲ್ಲ. ಅದನ್ನು ಫೆಬ್ರವರಿಯಲ್ಲಿ ಮಾಡುವುದರಿಂದ ಮೇಪಲ್‌ಗಳೆಲ್ಲ ಎಲೆಯಿಲ್ಲದೆ ಬರುತ್ತವೆ. ಹಲ್ಲುಜ್ಜುವ ಬ್ರಷ್‌ನಿಂದ ತೊಗಟೆಯ ಪಾಚಿ ತಿಕ್ಕಿ ತೊಳೆದು, ಬೂದುಬಿಳಿ ಕಾಂಡದ ಮೇಲೆ ಒಂದೊಂದು ಗಾಯವೂ ಕಾಣುವ ಹಾಗೆ ನಿಲ್ಲಿಸಿರುತ್ತಾರೆ. ಮುಚ್ಚಿಡಲು ಎಲೆಯಿಲ್ಲ. ಕೊಂಬೆ ಬುಡದಿಂದ ತುದಿಗೆ ತೆಳುವಾಗುತ್ತ ಹೋಗಿದೆಯೇ, ನಡುವೆ ಗಂಟು ಊದಿದೆಯೇ, ತಂತಿ ಕಚ್ಚಿದೆಯೇ, ಐವತ್ತು ವರ್ಷದ ಚಿಮುಟದ ಕೆಲಸ ನಿಜವೇ, ಎಲ್ಲ ಬಯಲಿಗೆ. ಒಂದು ಮೊಮಿಜಿಯ ತುದಿಕಡ್ಡಿಗಳು ಎಷ್ಟು ಸಣ್ಣವೆಂದರೆ ದೂರದಿಂದ ಮರದ ಸುತ್ತ ಮಂಜು ಕವಿದ ಹಾಗಿತ್ತು. ಅದರ ಮುಂದೆ ಕಾಲು ಗಂಟೆ ನಿಂತೆ, ಹಿಂದಿನವರು ಗೊಣಗುವವರೆಗೆ.

ಮನೆಗೆ ಬಂದು ನೋಡಿದರೆ ಮೇಲ್ ಬಂದಿತ್ತು. ನವೆಂಬರಿನಲ್ಲಿ ಫೋಟೋ ತೆಗೆದುಕೊಂಡಿದ್ದ ಸಹೋದ್ಯೋಗಿಗೂ ಒಂದು ಮೇಪಲ್ ಕೊಳ್ಳುವ ಆಸೆಯಂತೆ, ಮುಂದಿನ ಶರತ್ಕಾಲದಲ್ಲಿ ಬಣ್ಣ ನೋಡಿ ಆರಿಸುತ್ತಾರಂತೆ. ಉತ್ತರ ಬರೆದೆ: ಶರತ್ಕಾಲಕ್ಕೆ ಕಾಯಬೇಡಿ, ಈ ತಿಂಗಳೇ ಹೋಗಿ. ಮೊದಲು ಬುಡ ನೋಡಿ, ಬೇರು ಎಲ್ಲ ಕಡೆಗೂ ಹರಡಿರಬೇಕು. ಬುಡದ ಹತ್ತಿರ ಕಸಿಯ ಉಬ್ಬು, ತೊಗಟೆಯ ಬಣ್ಣದಲ್ಲಿ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ, ವಯಸ್ಸಾದಂತೆ ಅದು ಎದ್ದು ಕಾಣುತ್ತದೆ. ಕೆಳಗಿನ ಕೊಂಬೆಗಳು ಇರಬೇಕು. ತಂತಿ ಗುರುತು, ದೊಡ್ಡ ಗಾಯ, ಸಣ್ಣ ತೂತು ಇದ್ದರೆ ಬೇಡ. ಬಣ್ಣ ಕೇಳಲೇಬೇಡಿ. ಬೋನ್ಸಾಯ್-ಚೋದ ತೋಟಗಳಿಗೆ ಗುರುವಾರ ರಜೆ, ಬೇರೆ ದಿನ ಹೋಗಿ.